ಕಣ್ಣಿನ ಕಾವಲು

ಮಕ್ಕಳನ್ನು ಅಕ್ಕರೆಯಿಂದ ಸಾಕಿ ಸಲಹಿದವರನ್ನು ಕುರಿತು ಹೇಳುವಾಗ ಕನ್ನಡಿಗರು 'ಕಣ್ಣಿಗೆ ರೆಪ್ಪೆಯಂತೆ ಕಾಯ್ದರು' ಎನ್ನುವುದುಂಟು. ಬಳಸಿ ಬಳಸಿ ಸವೆದ ಈ ಮಾತಿನಲ್ಲಿ ಸೂಕ್ಷ್ಮವಾದ ಅವಲೋಕನವೊಂದು ಅಡಗಿದೆ. ಧೂಳಿನ ಕಣವೊಂದು ಹಾರಿ ಬಂದಾಗ, ಬಂದದ್ದು ಧೂಳೆಂದು ಮನಸ್ಸು ಅರಿಯುವುದಕ್ಕೆ ಮೊದಲೇ ರೆಪ್ಪೆ ಮುಚ್ಚಿಕೊಂಡಿರುತ್ತದೆ. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ದಿನವೆಲ್ಲ ದುಡಿದರೂ ದುಡಿದೆನೆಂದು ಹೇಳಿಕೊಳ್ಳುವುದಿಲ್ಲ. ಕಾಯುವವನ ಲಕ್ಷಣ ಹೀಗಿರಬೇಕೆಂಬುದನ್ನು ಜನಪದರು ಕಂಡುಕೊಂಡದ್ದು ತಮ್ಮ ಮುಖವನ್ನೂ ಕೊಟ್ಟಿಗೆಯ ದನಕರುಗಳ ಮುಖವನ್ನೂ ನಿತ್ಯ ನೋಡುತ್ತ ಬಂದದ್ದರಿಂದ.

ಶಾಸ್ತ್ರಕಾರರ ದೃಷ್ಟಿಯೂ ಇದಕ್ಕೆ ದೂರವಾದುದಲ್ಲ. ಸುಶ್ರುತಾಚಾರ್ಯನು ತನ್ನ ಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣನ್ನು ಐದು ಮಂಡಲಗಳಾಗಿ ವಿಂಗಡಿಸಿದ್ದಾನೆ. ಪಕ್ಷ್ಮ, ವರ್ತ್ಮ, ಶ್ವೇತ, ಕೃಷ್ಣ, ದೃಷ್ಟಿ ಎಂಬುವೇ ಆ ಐದು. ಪಕ್ಷ್ಮವೆಂದರೆ ಎವೆಗೂದಲು, ವರ್ತ್ಮವೆಂದರೆ ರೆಪ್ಪೆ. ನೋಡುವ ಕೆಲಸದಲ್ಲಿ ಪಾಲಿಲ್ಲದ ಇವೆರಡನ್ನು ಆತ ಕಣ್ಣಿನ ಹೊರಗಿಟ್ಟು ಎಣಿಸಲಿಲ್ಲ; ಕಣ್ಣಿನ ಮೊದಲ ಎರಡು ಅಂಗಗಳೆಂದೇ ಪರಿಗಣಿಸಿದನು. ಆತ ಹೇಳುವ ನೇತ್ರರೋಗಗಳು ಒಟ್ಟು 76. ಅವುಗಳಲ್ಲಿ 21 ರೋಗಗಳು ರೆಪ್ಪೆಗೆ ಸಂಬಂಧಿಸಿದವು. ಕಾವಲುಗಾರನಿಗೆ ಬಂದ ಬೇನೆ ಒಡೆಯನಿಗೆ ಬಂದ ಬೇನೆಯೇ ಎಂಬ ಎಣಿಕೆ ಇಲ್ಲಿ ಸ್ಪಷ್ಟವಾಗಿದೆ. ಕಣ್ಣಿನ ರಕ್ಷಣೆಯ ವಿಚಾರವನ್ನು ಕಣ್ಣಿನ ರಚನೆಯಿಂದ ಬೇರ್ಪಡಿಸಿ ಹೇಳಲು ಬಾರದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಮಾನವನ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ದೊಡ್ಡ ಗೋಲಿಯಷ್ಟಿರುವ ಈ ಮೃದುವಾದ ಗೋಳವನ್ನು ಪ್ರಕೃತಿಯು ಏಳು ಎಲುಬುಗಳು ಸೇರಿ ಆದ ಒಂದು ಗೂಡಿನಲ್ಲಿ ಇರಿಸಿದೆ. ಗೂಡಿನ ಗೋಡೆಗೂ ಗುಡ್ಡೆಗೂ ನಡುವೆ ಕೊಬ್ಬಿನ ಮೆತ್ತೆಯುಂಟು. ಗೂಡಿನ ಅಂಚುಗಳಲ್ಲಿ ಮೇಲಿನದು ಮುಂದಕ್ಕೆ ಚಾಚಿದೆ. ಆದುದರಿಂದಲೇ ಚೆಂಡಿನಂಥ ದೊಡ್ಡ ವಸ್ತು ಮುಖಕ್ಕೆ ಬಡಿದಾಗ ಪೆಟ್ಟು ಬಹುಮಟ್ಟಿಗೆ ಹುಬ್ಬಿನ ಎಲುಬಿಗೂ ಕೆನ್ನೆಯ ಎಲುಬಿಗೂ ಹಂಚಿಹೋಗುತ್ತದೆ. ಗೂಡಿನ ಬಾಯಿಗಿಂತ ಚಿಕ್ಕದಾದ ಗೋಲಿ, ಕಲ್ಲಿನ ಚೂರು, ಕಡ್ಡಿಯ ಮೊನೆಗಳ ಮಾತು ಬೇರೆ. ಅವುಗಳ ಮುಂದೆ ಎಲುಬಿನ ಕೋಟೆ ನಿಷ್ಪ್ರಯೋಜಕ. ಹುಬ್ಬಿನ ಕೂದಲು ಹಣೆಯ ಬೆವರನ್ನು ಬದಿಗೆ ಹರಿಸುತ್ತದೆ. ಎವೆಗೂದಲ ಬುಡದಲ್ಲಿರುವ ನರಗಳು ಎಷ್ಟು ಚುರುಕೆಂದರೆ, ಒಂದು ಕೂದಲ ತುದಿಗೆ ನೊರಜು ಸೋಕಿದರೂ ರೆಪ್ಪೆ ಮುಚ್ಚುತ್ತದೆ.

ಎಚ್ಚರವಾಗಿರುವ ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ಎವೆಯಿಕ್ಕುತ್ತಾನೆ. ಹಗಲಿನ ಹದಿನಾರು ಗಂಟೆಗಳ ಲೆಕ್ಕ ಹಾಕಿದರೆ ಈ ಸಂಖ್ಯೆ 14,000ವನ್ನು ಮೀರುತ್ತದೆ. 'ನಿಮಿಷ' ಎಂಬ ಮಾತಿಗೆ ಮೂಲತಃ ಎವೆಯಿಕ್ಕುವುದೆಂದೇ ಅರ್ಥ. ಗಡಿಯಾರ ಬಂದ ಮೇಲೆ ಅದು ಅರವತ್ತು ಸೆಕೆಂಡುಗಳಷ್ಟು ಹಿಗ್ಗಿತು! ಒಂದೊಂದು ಸಲ ಎವೆಯಿಕ್ಕಿದಾಗಲೂ ರೆಪ್ಪೆಯು ಕಣ್ಣಿನ ಮುಂಭಾಗವನ್ನು ನೀರಿನಿಂದ ಒರೆಸಿ ಹಸನುಗೊಳಿಸುತ್ತದೆ. ಕಣ್ಣಿನ ಎದುರಿಗಿರುವ ಕಾರ್ನಿಯಾ ಎಂಬ ಪಾರದರ್ಶಕ ಪೊರೆಗೆ ಇದು ಜೀವನ್ಮರಣದ ಪ್ರಶ್ನೆ. ನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಈ ಪೊರೆಯಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕಿಗೆ ಅಡ್ಡಬರುತ್ತಿದ್ದವು. ರಕ್ತವಿಲ್ಲದ ಮೇಲೆ ಪ್ರಾಣವಾಯು ಎಲ್ಲಿಂದ ಬರಬೇಕು? ಕಣ್ಣೀರಿನಲ್ಲಿ ಕರಗಿದ ಗಾಳಿಯಿಂದಲೇ ಬರಬೇಕು. ಹೀಗಾಗಿ ಕಾರ್ನಿಯಾ ಒಣಗಿದರೆ ಕೆಡುತ್ತದೆ, ಕೆಟ್ಟರೆ ಬೆಳ್ಳಗಾಗುತ್ತದೆ. ಜನ 'ಕಣ್ಣಿಗೆ ಹೂ ಬಿದ್ದಿದೆ' ಎನ್ನುವುದು ಈ ಬಿಳುಪನ್ನೇ.

ರೆಪ್ಪೆ ಮುಚ್ಚಿದಾಗ ಒಳಗಿನ ಗುಡ್ಡೆಯೂ ಸುಮ್ಮನಿರುವುದಿಲ್ಲ. ಮೇಲ್ಮುಖವಾಗಿ ಹೊರಳಿ, ಕಾರ್ನಿಯಾವನ್ನು ಮೇಲಿನ ರೆಪ್ಪೆಯ ಮರೆಗೆ ಒಯ್ಯುತ್ತದೆ. ಈ ಹೊರಳುವಿಕೆಯನ್ನು ಚಾರ್ಲ್ಸ್ ಬೆಲ್ ಎಂಬ ವೈದ್ಯನು 1823ರಲ್ಲಿ ವಿವರಿಸಿದನು. ಕೋಟೆಯ ಬಾಗಿಲು ಮುಚ್ಚಿದ ಮೇಲೆ ಅರಸನು ಒಳಮನೆಗೂ ಸರಿದಂತೆ ಇದು.

ಇನ್ನು ಕಣ್ಣೀರಿನ ವಿಚಾರ. ಕನ್ನಡದಲ್ಲಿ ಇದಕ್ಕೆ 'ಕಂಬನಿ' ಎಂಬ ಸೊಗಸಾದ ಹೆಸರುಂಟು. ಕಣ್ ಮತ್ತು ಪನಿ ಎಂಬ ಎರಡು ಪದಗಳು ಸೇರಿ ಆದ ಸಮಾಸವದು. ಹಳಗನ್ನಡದ 'ಪನಿ' ಬಿಡಿಯಾಗಿ ನಿಂತೆಡೆ 'ಹನಿ'ಯಾಗಿ ಮಾರ್ಪಟ್ಟಿತು. ಕಂಬನಿಯೊಳಗೆ ಮಾತ್ರ ಪಕಾರವು ಬಕಾರದ ರೂಪದಲ್ಲಿ ಉಳಿದುಕೊಂಡಿತು. ದುಃಖವಾದಾಗ ಮಾತ್ರ ಕಂಬನಿ ಬರುತ್ತದೆಂದು ತಿಳಿಯುವುದು ಸರಿಯಲ್ಲ. ಮೇಲ್ರೆಪ್ಪೆಯ ಹೊರಮೂಲೆಯಲ್ಲಿರುವ ಗ್ರಂಥಿಯೂ ಅದರ ಸುತ್ತಣ ಕಿರುಗ್ರಂಥಿಗಳೂ ಸದಾ ಸ್ವಲ್ಪ ಸ್ವಲ್ಪವಾಗಿ ನೀರನ್ನು ಒಸರುತ್ತಲೇ ಇರುತ್ತವೆ. ಆ ನೀರು ಗುಡ್ಡೆಗೆ ಅಂಟಿಕೊಳ್ಳುವಂತೆ ಕೆಳಗೊಂದು ಲೋಳೆಯ ಪದರ. ಆವಿಯಾಗದಂತೆ ಮೇಲೊಂದು ಎಣ್ಣೆಯ ಪದರ. ಈ ಎಣ್ಣೆ ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳಿಂದ ಬರುತ್ತದೆ. ಕಣ್ಣೀರಿನಲ್ಲಿ ಕ್ರಿಮಿನಾಶಕ ವಸ್ತುವೂ ಉಂಟು. ಮುಂದೆ ಪೆನಿಸಿಲಿನ್ನಿನಿಂದ ಜಗತ್ಪ್ರಸಿದ್ಧನಾದ ಅಲೆಗ್ಸಾಂಡರ್ ಫ್ಲೆಮಿಂಗ್‌ನು ಈ ವಸ್ತುವನ್ನು ಗುರುತಿಸಿ 1922ರಲ್ಲಿ ಪ್ರಕಟಿಸಿದನು; ಲೈಸೋಜೈಮ್ ಎಂಬುದು ಅದರ ಹೆಸರು. ಕೆಲಸ ಮುಗಿಸಿದ ನೀರು ಒಳಮೂಲೆಯ ಸೂಕ್ಷ್ಮ ರಂಧ್ರಗಳಿಂದ ಮೂಗಿಗೆ ಇಳಿದುಹೋಗುತ್ತದೆ. ಅಳುವವರಿಗೆ ಮೂಗೂ ಸುರಿಯುವುದು, ಕಣ್ಣಿಗೆ ಹಾಕಿದ ಔಷಧದ ಕಹಿ ಗಂಟಲಿಗೆ ತಿಳಿಯುವುದು ಈ ದಾರಿಯಿಂದಲೇ.

ಪ್ರಾಣಿಗಳ ಕಡೆಗೆ ತಿರುಗಿದರೆ ಕಾವಲಿನ ವೈವಿಧ್ಯ ಬೆರಗು ಹುಟ್ಟಿಸುವಂಥದು. ಮೊದಲನೆಯದಾಗಿ ಹೇಳಬೇಕಾದುದು ಮೂರನೆಯ ರೆಪ್ಪೆಯನ್ನು ಕುರಿತು. ಹಸು, ಕುದುರೆ, ನಾಯಿ, ಬೆಕ್ಕು, ಹಕ್ಕಿ, ಮೊಸಳೆ, ಕಪ್ಪೆ ಇವುಗಳಿಗೆಲ್ಲ ಮೇಲೆ ಕೆಳಗಿನ ರೆಪ್ಪೆಗಳಲ್ಲದೆ ತೆಳ್ಳನೆಯ ಇನ್ನೊಂದು ಪರದೆಯುಂಟು. ಹಸು ನಾಯಿಗಳಲ್ಲಿ ಇದು ಮೂಗಿನ ಕಡೆಯ ಮೂಲೆಯಲ್ಲಿ ಮಡಿಸಿಕೊಂಡಿದ್ದು, ಅಪಾಯವೊದಗಿದಾಗ ಕಣ್ಣಿನ ಮೇಲೆ ಅಡ್ಡಲಾಗಿ ಸರಿಯುತ್ತದೆ. ಮುಳ್ಳಿನ ಪೊದೆಗೆ ಮೂತಿಯಿಟ್ಟು ಮೇಯುವ ದನಕ್ಕೆ ಇದರ ಉಪಕಾರ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಧನುರ್ವಾಯು ತಗುಲಿದ ಪ್ರಾಣಿಯಲ್ಲಿ ಈ ಪರದೆ ತಾನಾಗಿ ಕಣ್ಣಿನ ಮೇಲೆ ಸರಿದು ನಿಲ್ಲುವುದರಿಂದ ಪಶುವೈದ್ಯರಿಗೆ ಇದೊಂದು ಮುಖ್ಯ ಕುರುಹು. ಮಾನವನಲ್ಲಿ ಈ ಮೂರನೆಯ ರೆಪ್ಪೆ ಕುಗ್ಗಿಹೋಗಿ, ಕಣ್ಣಿನ ಒಳಮೂಲೆಯಲ್ಲಿ ಕಾಣುವ ಸಣ್ಣ ಮಡಿಕೆಯಾಗಿ ಉಳಿದಿದೆ. ಕನ್ನಡಿ ಹಿಡಿದು ನೋಡುವ ಯಾರಿಗಾದರೂ ಅದು ಕಾಣಸಿಗುತ್ತದೆ.

ಹಕ್ಕಿಗಳಲ್ಲಿ ಈ ಪರದೆ ಬಹು ಚುರುಕು. ಮರಕುಟಿಗವು ಕಾಂಡಕ್ಕೆ ಕೊಕ್ಕು ಬಡಿಯುವ ಮುನ್ನ, ಹೊಟ್ಟು ಚಕ್ಕೆಗಳು ಸಿಡಿಯುವ ಮೊದಲೇ, ಇದನ್ನು ಎಳೆದುಕೊಂಡಿರುತ್ತದೆ. ಇಲ್ಲಿ ಕಾಗೆಯ ಮಾತು ಬಾರದಿರದು. ಒಂದೇ ಪದವು ವಾಕ್ಯದಲ್ಲಿ ಹಿಂದಕ್ಕೂ ಮುಂದಕ್ಕೂ ಅನ್ವಯಿಸುವುದನ್ನು ಶಾಸ್ತ್ರಜ್ಞರು 'ಕಾಕಾಕ್ಷಿಗೋಲಕ ನ್ಯಾಯ' ಎನ್ನುತ್ತಾರೆ. ಕಾಗೆಗೆ ಎರಡು ಗೂಡುಗಳಿದ್ದರೂ ಗುಡ್ಡೆ ಒಂದೇ, ಅದನ್ನೇ ಬೇಕಾದ ಕಡೆಗೆ ಹೊರಳಿಸುತ್ತದೆ ಎಂಬ ನಂಬಿಕೆ ಈ ನ್ಯಾಯಕ್ಕೆ ಆಧಾರ. ನ್ಯಾಯ ಸೊಗಸಾಗಿದೆ, ಪಾಠ ಹೇಳಲು ಅನುಕೂಲವಾಗಿಯೂ ಇದೆ; ಆದರೆ ಕಾಗೆಗೆ ಇರುವುದು ಎರಡು ಕಣ್ಣುಗಳೇ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಅದು ಕತ್ತನ್ನು ಓರೆಮಾಡಿ ಒಂದೊಂದರಿಂದ ನೋಡುತ್ತದೆ. ಮಸುಕಾದ ಮೂರನೆಯ ರೆಪ್ಪೆ ಸರಕ್ಕನೆ ಸರಿದಾಗ ಗುಡ್ಡೆಯೇ ಮಾಯವಾದಂತೆ ತೋರಿದ್ದರೂ ಆಶ್ಚರ್ಯವಿಲ್ಲ.

ಮರುಭೂಮಿಯ ಒಂಟೆಗೆ ಮೂರು ರೆಪ್ಪೆಗಳಲ್ಲದೆ ಎರಡು ಸಾಲಿನ ಉದ್ದನೆಯ ಎವೆಗೂದಲುಗಳುಂಟು. ಮರಳಿನ ಬಿರುಗಾಳಿಯಲ್ಲಿ ಅದು ಕಣ್ಣುಗಾಣದೆ ನಿಲ್ಲುವುದಿಲ್ಲ. ಗೋಸುಂಬೆಯ ರೆಪ್ಪೆಗಳು ಒಂದಕ್ಕೊಂದು ಬೆಸೆದುಕೊಂಡು, ನಡುವೆ ಪಾಪೆಯಷ್ಟೇ ಕಿಂಡಿ ಉಳಿದಿದೆ. ಬಸವನಹುಳುವು ಕಣ್ಣನ್ನು ಕೊಂಬಿನ ತುದಿಯಲ್ಲಿ ಹೊತ್ತು, ಮುಟ್ಟಿದೊಡನೆ ಕೊಂಬನ್ನೇ ಒಳಗೆಳೆದುಕೊಳ್ಳುತ್ತದೆ. ಕಪ್ಪೆಯದು ಇನ್ನೂ ವಿಚಿತ್ರ: ಅದು ಗುಡ್ಡೆಗಳನ್ನೇ ಬಾಯಿಯ ಕಡೆಗೆ ಕುಗ್ಗಿಸಿಕೊಳ್ಳಬಲ್ಲದು; ಹಾಗೆ ಕುಗ್ಗಿದ ಗುಡ್ಡೆಗಳು ಬಾಯೊಳಗಿನ ಹುಳುವನ್ನು ಗಂಟಲಿಗೆ ನೂಕಲೂ ನೆರವಾಗುತ್ತವೆ.

ಆನೆಗೆ ಮಾನವನಿಗಿರುವಂಥ ಕಣ್ಣೀರಿನ ಗ್ರಂಥಿಯೂ ಇಲ್ಲ, ನೀರನ್ನು ಮೂಗಿಗೆ ಸಾಗಿಸುವ ನಾಳವೂ ಇಲ್ಲ. ಮೂರನೆಯ ರೆಪ್ಪೆಯ ಬಳಿಯ ಗ್ರಂಥಿಯೇ ಕಣ್ಣನ್ನು ತೇವವಾಗಿರಿಸುತ್ತದೆ. ಹೆಚ್ಚಾದ ತೇವ ಕೆನ್ನೆಯ ಮೇಲೆ ಹರಿಯುತ್ತದೆ. ನೋಡುವವರು ಆನೆ ಅಳುತ್ತಿದೆಯೆಂದು ಮರುಗುವುದುಂಟು. ಕವಿಗಳು ವರ್ಣಿಸುವ ಮದಜಲವನ್ನು ಇದರೊಡನೆ ಬೆರೆಸಬಾರದು. ಅದು ಕಣ್ಣಿಗೂ ಕಿವಿಗೂ ನಡುವಣ ಬೇರೊಂದು ಗ್ರಂಥಿಯಿಂದ ಒಸರುವಂಥದು.

ರೆಪ್ಪೆಯೇ ಇಲ್ಲದ ಜೀವಿಗಳ ಗತಿಯೇನು? ಅಮರಕೋಶದಲ್ಲಿ 'ಅನಿಮಿಷ' ಶಬ್ದಕ್ಕೆ ದೇವತೆ ಎಂತಲೂ ಮೀನು ಎಂತಲೂ ಎರಡು ಅರ್ಥಗಳನ್ನು ಹೇಳಿದೆ. ದೇವತೆಗಳು ಎವೆಯಿಕ್ಕುವುದಿಲ್ಲವೆಂಬುದು ಪುರಾಣಪ್ರಸಿದ್ಧ. ಮಹಾಭಾರತದ ದಮಯಂತಿಯು ಸ್ವಯಂವರದಲ್ಲಿ ನಳನ ರೂಪದಲ್ಲಿದ್ದ ದೇವತೆಗಳನ್ನು ಗುರುತಿಸಲು ಅವರ ಎವೆಯಿಕ್ಕದ ಕಣ್ಣುಗಳೂ ಒಂದು ಕುರುಹಾದುವು. ಮೀನಿನ ವಿಷಯದಲ್ಲಿ ಕೋಶಕಾರನ ಮಾತು ಪ್ರತ್ಯಕ್ಷ ಸತ್ಯ. ಸಾಮಾನ್ಯವಾಗಿ ಮೀನುಗಳಿಗೆ ರೆಪ್ಪೆಯಿಲ್ಲ. ಸದಾ ನೀರಿನಲ್ಲೇ ಇರುವ ಕಣ್ಣಿಗೆ ನೀರು ಬಳಿಯುವವರು ಏಕೆ ಬೇಕು?

ನೆಲದ ಮೇಲಿದ್ದೂ ಎವೆಯಿಕ್ಕದಿರುವುದು ಹಾವು. ಅದರ ಎರಡು ರೆಪ್ಪೆಗಳೂ ಕೂಡಿ ಗಾಜಿನಂಥ ಒಂದೇ ಹೊದಿಕೆಯಾಗಿ ಕಣ್ಣಿನ ಮೇಲೆ ಕುಳಿತಿವೆ. ಹಾವು ಪೊರೆ ಬಿಡುವಾಗ ಮೈಯ ಚರ್ಮದೊಡನೆ ಈ ಹೊದಿಕೆಯ ಹೊರಪದರವೂ ಕಳಚಿ ಬೀಳುತ್ತದೆ. ಅದಕ್ಕೆ ಕೆಲವು ದಿನ ಮುಂಚೆ ಕಣ್ಣು ಹಾಲಿನಂತೆ ಮಂಜಾಗಿರುತ್ತದೆ. ಅಂಥ ಸಮಯದಲ್ಲಿ ಅದಕ್ಕೆ ಸರಿಯಾಗಿ ಕಾಣದಾದುದರಿಂದ ಬೇಗ ಕೆರಳುತ್ತದೆ. ವೃದ್ಧಾಪ್ಯದಲ್ಲಿ ಕಣ್ಣಿನ ಮಸೂರ ಮಂಜಾಗುವುದನ್ನೂ ಕನ್ನಡಿಗರು 'ಪೊರೆ ಬಂದಿದೆ' ಎಂದೇ ಹೇಳುತ್ತಾರೆ. ಇದೇ ರೂಪದ 'ಪೊರೆ' ಎಂಬ ಕ್ರಿಯಾಪದಕ್ಕೆ ಕಾಪಾಡು, ಸಲಹು ಎಂಬ ಅರ್ಥವಿರುವುದು ಭಾಷೆಯ ಒಂದು ಸ್ವಾರಸ್ಯ. ಎರಡನ್ನೂ ಒಂದೇ ಧಾತುವಿಗೆ ಕಟ್ಟಲು ಹೊರಡುವುದು ದುಡುಕಾದೀತು. ಆದರೂ ಹಾವಿನ ಕಣ್ಣಿನ ಮಟ್ಟಿಗೆ ಪೊರೆಯೇ ಪೊರೆಯುವುದು ನಿಜ. ಮನೆಯ ಗೋಡೆಯ ಮೇಲಿನ ಹಲ್ಲಿಗೂ ಮಿಟುಕಿಸುವ ರೆಪ್ಪೆಯಿಲ್ಲ. ಅದು ಉದ್ದನೆಯ ನಾಲಗೆಯಿಂದ ತನ್ನ ಕಣ್ಣನ್ನು ತಾನೇ ನೆಕ್ಕಿ ಒರೆಸಿಕೊಳ್ಳುತ್ತದೆ. ಸಂಜೆ ದೀಪದ ಬಳಿ ಹೊಂಚುಹಾಕಿ ಕುಳಿತ ಹಲ್ಲಿಯನ್ನು ತುಸು ಹೊತ್ತು ನೋಡಿದರೆ ವಿದ್ಯಾರ್ಥಿಗಳಿಗೆ ಇದು ಕಾಣಸಿಕ್ಕೀತು.

ಕಾವಲು ಬೇಕಾದದ್ದು ಧೂಳಿಗೆ ಮಾತ್ರವಲ್ಲ, ಬೆಳಕಿಗೂ ಉಂಟು. ಇರುಳಿನಲ್ಲಿ ಬೇಟೆಯಾಡುವ ಬೆಕ್ಕಿನ ಅಕ್ಷಿಪಟಲ ಅತಿ ಸೂಕ್ಷ್ಮವಾದುದು. ಅದಕ್ಕಾಗಿ ಹಗಲಿನಲ್ಲಿ ಅದರ ಪಾಪೆ ನೆಟ್ಟಗಿನ ಗೆರೆಯಂತೆ ಕಿರಿದಾಗುತ್ತದೆ. ಆಡಿನ ಪಾಪೆ ಅಡ್ಡಲಾಗಿದೆ. ನೆಲದ ಉದ್ದಗಲವನ್ನೆಲ್ಲ ಒಮ್ಮೆಗೇ ಕಂಡು ತೋಳವನ್ನು ದೂರದಿಂದಲೇ ಗುರುತಿಸಲು ಅದು ಅನುಕೂಲ. ಮೇಯಲು ತಲೆ ತಗ್ಗಿಸಿದಾಗಲೂ ಆಡಿನ ಗುಡ್ಡೆಗಳು ತಾವಾಗಿ ತಿರುಗಿ ಪಾಪೆಯನ್ನು ನೆಲಕ್ಕೆ ಸಮಾಂತರವಾಗಿಯೇ ಉಳಿಸಿಕೊಳ್ಳುತ್ತವೆಂಬುದನ್ನು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಇಲ್ಲಿ ಕಣ್ಣು ಕಾವಲಿಗೆ ಒಳಗಾಗಿರುವುದಷ್ಟೇ ಅಲ್ಲ, ತಾನೇ ಇಡೀ ದೇಹದ ಕಾವಲುಗಾರನಾಗಿದೆ.

ಇಷ್ಟನ್ನೂ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಒಂದೊಂದು ಜೀವಿಯ ಕಣ್ಣಿನ ಕಾವಲೂ ಅದು ಬಾಳುವ ನೆಲೆಗೆ ಹೊಂದಿಕೊಂಡಿದೆ. ಮರಳಿನಲ್ಲಿ ಬಾಳುವುದಕ್ಕೆ ಎವೆ, ಮುಳ್ಳಿನಲ್ಲಿ ಮೇಯುವುದಕ್ಕೆ ಪರದೆ, ನೀರಿನಲ್ಲಿರುವುದಕ್ಕೆ ಏನೂ ಬೇಡ. ಮನುಷ್ಯನೊಬ್ಬನೇ ತನ್ನ ನೆಲೆಯನ್ನು ತಾನೇ ಬದಲಿಸಿಕೊಂಡವನು. ಸುಣ್ಣವನ್ನು ಸುಟ್ಟನು, ಮದ್ದನ್ನು ಅರೆದನು, ಅಕ್ಷರವನ್ನು ಬರೆದನು. ಈ ಅಪಾಯಗಳನ್ನು ತಡೆಯುವ ರೆಪ್ಪೆಯನ್ನು ಪ್ರಕೃತಿ ಅವನಿಗೆ ಕೊಟ್ಟಿಲ್ಲ. ಮಕ್ಕಳ ಮಟ್ಟಿಗೆ ಆ ಕೆಲಸವನ್ನು ತಾಯಿತಂದೆಗಳೂ ಗುರುಗಳೂ ಮಾಡಬೇಕಾಗಿದೆ.

ಸುಣ್ಣದ ಮಾತನ್ನೇ ಮೊದಲು ಎತ್ತಿಕೊಳ್ಳಬಹುದು. ಎಲೆ ಅಡಿಕೆಯಿರುವ ಮನೆಯಲ್ಲಿ ಸುಣ್ಣದ ಡಬ್ಬಿಯೋ ಪೊಟ್ಟಣವೋ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಪೊಟ್ಟಣವನ್ನು ಮಗು ಹಿಸುಕಿದಾಗ ಅದು ಒಡೆದು ಸುಣ್ಣ ಕಣ್ಣಿಗೆ ಚಿಮ್ಮುತ್ತದೆ. ಆಮ್ಲಕ್ಕಿಂತ ಕ್ಷಾರವೇ ಕಣ್ಣಿಗೆ ಹೆಚ್ಚು ಘಾತುಕ. ಏಕೆಂದರೆ ಅದು ಮೇಲ್ಪದರದಲ್ಲಿ ನಿಲ್ಲದೆ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಹೀಗಾದಾಗ ವೈದ್ಯರನ್ನು ಹುಡುಕಿಕೊಂಡು ಓಡುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಒಂದೇ. ಇದ್ದ ಜಾಗದಲ್ಲೇ, ಆ ಕ್ಷಣವೇ, ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧವಾದ ನೀರನ್ನು ಧಾರಾಳವಾಗಿ ಹದಿನೈದು ಇಪ್ಪತ್ತು ನಿಮಿಷ ಸುರಿಯುತ್ತ ತೊಳೆಯಬೇಕು. ರೆಪ್ಪೆಯಡಿಯಲ್ಲಿ ಸುಣ್ಣದ ತುಣುಕು ಉಳಿಯದಂತೆ ನೋಡಿಕೊಳ್ಳಬೇಕು. ಬಳಿಕ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಕೆಲವು ನಿಮಿಷಗಳ ನೀರು ಉಳಿಸುವಷ್ಟನ್ನು ಅನಂತರದ ಯಾವ ಔಷಧವೂ ಉಳಿಸಲಾರದು.

ಹೊಲಗದ್ದೆಗಳಲ್ಲಿ ಬರುವ ಅಪಾಯ ಇನ್ನೊಂದು ಬಗೆಯದು. ಭತ್ತದ ಹೊಟ್ಟು, ಕಬ್ಬಿನ ಗರಿಯ ಅಂಚು, ಜೋಳದ ದಂಟು ಕಣ್ಣಿಗೆ ಸೋಕಿ ಕಾರ್ನಿಯಾದ ಮೇಲೆ ಸಣ್ಣ ಗೀರು ಬೀಳುತ್ತದೆ. ಗೀರು ದೊಡ್ಡದಲ್ಲ, ಆದರೆ ಗರಿಯೊಡನೆ ಬಂದ ಬೂಷ್ಟು ಅಲ್ಲಿ ಬೇರೂರಿದರೆ ಹುಣ್ಣಾಗಿ, ಕೊನೆಗೆ ಹೂ ಬೀಳುತ್ತದೆ. ಇಂಥ ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಿಂಡುವ ರೂಢಿ ಹಳ್ಳಿಗಳಲ್ಲಿ ಬೆಳೆದು ಬಂದಿದೆ. ಪ್ರೀತಿಯಿಂದಲೇ ಮಾಡಿದರೂ ಅದು ಹುಣ್ಣಿಗೆ ಕ್ರಿಮಿಗಳನ್ನು ಬಡಿಸಿದಂತಾಗುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಗಳು ಇದಕ್ಕಿಂತಲೂ ಕೇಡು: ಕೆಂಪನ್ನು ಇಳಿಸಿ ಬೂಷ್ಟನ್ನು ಬೆಳೆಸುತ್ತವೆ. ಪ್ರಾಚೀನ ವೈದ್ಯವನ್ನು ಗೌರವಿಸುವವರು ಸುಶ್ರುತನೂ ಕಣ್ಣಿನ ಚಿಕಿತ್ಸೆಯನ್ನು ಬಲ್ಲವನಿಗೇ ಬಿಟ್ಟನೆಂಬುದನ್ನು ಮರೆಯಬಾರದು. ಚಿಣ್ಣಿಕೋಲು, ಆಟದ ಬಿಲ್ಲುಬಾಣ, ದೀಪಾವಳಿಯ ಪಟಾಕಿ ಇವುಗಳಿಂದ ಮಕ್ಕಳ ಕಣ್ಣುಗುಡ್ಡೆ ಒಡೆದದ್ದುಂಟು. ಹಾಗಾದಾಗ ಕಣ್ಣನ್ನು ಒತ್ತದೆ, ಚುಚ್ಚಿಕೊಂಡದ್ದನ್ನು ಕೀಳದೆ, ಮೇಲೊಂದು ಬಟ್ಟಲಿನಂಥ ಮರೆಯಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊರಗಿನಿಂದ ಏನೂ ತಾಕದೆ ಕಣ್ಣು ಒಳಗಿನಿಂದಲೇ ಕೆಡುವುದೂ ಉಂಟು. ಸಂಜೆಯಾದೊಡನೆ ಹೊಸ್ತಿಲು ಎಡವುವ, ತಟ್ಟೆಯಲ್ಲಿರುವ ಅನ್ನವನ್ನು ತಡವುವ ಮಗುವಿಗೆ ಇರುಳುಗುರುಡಿನ ಬಾಧೆಯಿರಬಹುದು. ಎ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ಕೊರತೆ ಮುಂದುವರಿದರೆ ಕಣ್ಣೀರು ಬತ್ತಿ, ಕಾರ್ನಿಯಾ ಒಣಗಿ ಕರಗಿಯೇ ಹೋಗುತ್ತದೆ. ಸೊರಗಿದ ಮಗುವಿಗೆ ದಡಾರ ಬಂದಾಗ ಈ ಅಪಾಯ ಹೆಚ್ಚು. ಭಾರತ ಸರಕಾರವು ಇದನ್ನು ತಡೆಯುವ ಕಾರ್ಯಕ್ರಮವನ್ನು 1970ರಲ್ಲಿ ಆರಂಭಿಸಿತು. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಒಂಬತ್ತು ಬಾರಿ ಈ ಜೀವಸತ್ವದ ದ್ರಾವಣವನ್ನು ಕುಡಿಸುವ ಕ್ರಮ ಈಗ ಇದೆ. ಮನೆಯ ಹಿತ್ತಿಲಿನಲ್ಲೇ ಇದಕ್ಕೆ ಅಗ್ಗದ ಉಪಾಯವುಂಟು. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಸಿಹಿಗುಂಬಳ, ಗಜ್ಜರಿ, ಮಾವು ಇವುಗಳಲ್ಲಿ ಅದರ ಮೂಲವಸ್ತು ಹೇರಳವಾಗಿದೆ. ಸೊಪ್ಪಿನ ಪಲ್ಯಕ್ಕೆ ಬೀಳುವ ಒಂದು ಚಮಚ ಎಣ್ಣೆ ಅದನ್ನು ಮೈಗೂಡಿಸಲು ನೆರವಾಗುತ್ತದೆ. ನುಗ್ಗೆಯನ್ನು ಬಡವರ ಆಹಾರವೆಂದು ಹಳಿಯುವವರು ಈ ವಿಚಾರವನ್ನು ಮನಗಾಣುವುದು ಲೇಸು.

ಗ್ರಹಣದ ವಿಚಾರದಲ್ಲಿ ಎರಡು ಬಗೆಯ ಅತಿರೇಕಗಳು ಕಂಡುಬರುತ್ತವೆ. 1980ರ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣವು ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. 2019ರ ಡಿಸೆಂಬರ್ 26ರ ಕಂಕಣಗ್ರಹಣ ಮಂಗಳೂರು, ಕೊಡಗುಗಳಲ್ಲಿ ಕಂಡಿತು. ಇಂಥ ಸಮಯದಲ್ಲಿ ಬಾಗಿಲು ಹಾಕಿಕೊಂಡು ಕೂಡುವವರು ಕೆಲವರು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸುವವರು ಕೆಲವರು. ಎರಡನೆಯವರಿಗೆ ಒದಗುವ ಹಾನಿ ನಿಜವಾದುದು. ಅಕ್ಷಿಪಟಲಕ್ಕೆ ನೋವು ತಿಳಿಯುವ ನರವಿಲ್ಲ. ಅದು ಸುಟ್ಟರೂ ಸುಟ್ಟದ್ದು ಗೊತ್ತಾಗುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚಿಕೊಳ್ಳಬೇಕೆಂಬ ಸೂಚನೆಯೂ ಸಾಲುವುದಿಲ್ಲ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಸಗಣಿನೀರಿನ ಪ್ರತಿಬಿಂಬ ಇವು ಯಾವುವೂ ಸುರಕ್ಷಿತವಲ್ಲ. ರಟ್ಟಿನಲ್ಲಿ ಸೂಜಿಮೊನೆಯ ತೂತು ಮಾಡಿ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಬೆನ್ನನ್ನು ಸೂರ್ಯನಿಗೆ ಮಾಡಿ ನೋಡುವುದು ಶಾಲೆಗಳಿಗೆ ಸುಲಭವೂ ಕ್ಷೇಮಕರವೂ ಆದ ಮಾರ್ಗ.

ಶಿಕ್ಷಕರ ಕೈಯಲ್ಲೇ ಇರುವ ಕಾವಲೊಂದುಂಟು. ಹುಟ್ಟಿದಾರಭ್ಯ ಮಸುಕಾಗಿಯೇ ಕಂಡ ಮಗುವಿಗೆ ಲೋಕವೇ ಮಸುಕು. ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ಆದುದರಿಂದ 'ನನಗೆ ಕಾಣುವುದಿಲ್ಲ' ಎಂದು ಅದು ಹೇಳುವುದೇ ಇಲ್ಲ. ಹಲಗೆಯ ಮೇಲಿನ ಅಕ್ಷರವನ್ನು ಬಿಟ್ಟು ಪಕ್ಕದವನ ಪುಸ್ತಕವನ್ನು ನೋಡಿ ಬರೆಯುವ, ಕಣ್ಣು ಕಿರಿದು ಮಾಡುವ, ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವ ವಿದ್ಯಾರ್ಥಿಯನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸಿದರೆ ಅನ್ಯಾಯ ಇಮ್ಮಡಿಯಾಗುತ್ತದೆ. ಆರು ಮೀಟರ್ ದೂರದಲ್ಲಿ ಅಕ್ಷರಗಳ ಫಲಕವನ್ನು ತೂಗುಹಾಕಿ, ಒಂದೊಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮರೆಮಾಡಿ ಓದಿಸಿ ನೋಡಲು ವೈದ್ಯರೇ ಬೇಕಾಗಿಲ್ಲ. ಒಂದೊಂದು ಕಣ್ಣನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಿಹೋದ ಕಣ್ಣಿನಿಂದ ಬರುವ ಚಿತ್ರವನ್ನು ಮಿದುಳು ಕ್ರಮೇಣ ಅಲಕ್ಷಿಸುತ್ತದೆ. ಏಳೆಂಟು ವರ್ಷದೊಳಗೆ ಗುರುತಿಸಿದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ತಡವಾದರೆ ಕನ್ನಡಕ ಕೊಟ್ಟರೂ ಪೂರ್ತಿ ಕಾಣದು. ಹೆಣ್ಣುಮಗುವಿಗೆ ಕನ್ನಡಕ ಹಾಕಿದರೆ ಮದುವೆಗೆ ತೊಡಕೆಂದು ಹಿಂಜರಿಯುವ ಪಾಲಕರಿಗೆ ತಿಳಿಹೇಳುವ ಕೆಲಸವೂ ಗುರುಗಳದೇ. ಮೊಬೈಲ್ ಪರದೆಯ ಈ ಕಾಲದಲ್ಲಿ ಹತ್ತಿರದ ನೋಟವೇ ಹೆಚ್ಚಿ, ದೂರದೃಷ್ಟಿ ಮಸುಕಾಗುವ ಮಕ್ಕಳ ಸಂಖ್ಯೆ ಏರುತ್ತಿದೆ. ದಿನಕ್ಕೆ ಎರಡು ಗಂಟೆ ಬಯಲ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಈ ದೋಷ ಕಡಿಮೆಯೆಂದು ಸಂಶೋಧನೆಗಳು ತೋರಿಸಿವೆ. ಆಟದ ಅವಧಿಯನ್ನು ಕಸಿದು ಗಣಿತಕ್ಕೆ ಕೊಡುವ ಶಾಲೆಗಳು ಇದನ್ನು ಗಮನಿಸತಕ್ಕದ್ದು.

ಕಣ್ಣಿನ ಪೊರೆಯನ್ನು ಯವವಕ್ತ್ರವೆಂಬ ಶಲಾಕೆಯಿಂದ ಸರಿಸುವ ವಿಧಾನವನ್ನು ಸುಶ್ರುತನು ವಿವರಿಸಿದ್ದಾನೆ. ಆ ಶಸ್ತ್ರವಿದ್ಯೆಯ ಆಧುನಿಕ ರೂಪವನ್ನು ಹಳ್ಳಿಗಳ ಬಾಗಿಲಿಗೆ ಕೊಂಡೊಯ್ದವರು ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು. ಊರೂರಿನಲ್ಲಿ ನೇತ್ರಶಿಬಿರಗಳನ್ನು ನಡೆಸಿ, ಲಕ್ಷಗಟ್ಟಲೆ ಶಸ್ತ್ರಚಿಕಿತ್ಸೆಗಳನ್ನು ಮಾಡಿ, ಒಂದೇ ದಿನ 833 ಶಸ್ತ್ರಚಿಕಿತ್ಸೆಗಳ ದಾಖಲೆಗೆ ಪಾತ್ರರಾದ ಅವರು 2005ರಲ್ಲಿ ನಿಧನ ಹೊಂದಿದರು. ಪೊರೆ ಬಂದ ಕಣ್ಣಿಗೆ ಹೀಗೆ ಶಸ್ತ್ರವುಂಟು. ಹೂ ಬಿದ್ದ ಕಣ್ಣಿಗೆ ಮಾತ್ರ ಇನ್ನೊಬ್ಬರ ಕಾರ್ನಿಯಾವೇ ಆಗಬೇಕು. ಅದನ್ನು ಮೊಟ್ಟಮೊದಲು ಯಶಸ್ವಿಯಾಗಿ ಜೋಡಿಸಿದವನು ಎಡುವರ್ಡ್ ಜಿರ್ಮ್ ಎಂಬ ವೈದ್ಯ. ಕಾಲ 1905, ಸ್ಥಳ ಮೊರಾವಿಯದ ಓಲೊಮೌಟ್ಸ್. ಅಂದು ಮರಳಿ ದೃಷ್ಟಿ ಪಡೆದವನು ಸುಣ್ಣ ಬಿದ್ದು ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಒಬ್ಬ ಕೂಲಿಕಾರ.

ಕಣ್ಣನ್ನು ಕೊಡುವ ಕಲ್ಪನೆ ಕನ್ನಡನಾಡಿಗೆ ಹೊಸದಲ್ಲ. ಲಿಂಗದ ಕಣ್ಣಿನಲ್ಲಿ ನೆತ್ತರು ಸುರಿದುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಕಣ್ಣಪ್ಪನ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದ್ದಾನೆ. ಆ ಕಥೆಯನ್ನು ಆಧರಿಸಿ 1954ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಕಣ್ಣಪ್ಪನಾಗಿ ನಟಿಸಿದ ಡಾ. ರಾಜ್‌ಕುಮಾರ್ ಅವರು 2006ರ ಏಪ್ರಿಲ್ 12ರಂದು ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅವರ ಮಗ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ, ದಾನವಾಗಿ ಬಂದ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಜೋಡಿಸಲಾಯಿತು.

ದಾನಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಕನ್ನಡಕ ಧರಿಸಿದವರೂ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಕೊಡಬಹುದು. ಜೀವ ಹೋದ ಮೇಲೆ ಎವೆಯಿಕ್ಕುವವರಿಲ್ಲವಾದುದರಿಂದ ಕಾರ್ನಿಯಾ ಬೇಗನೆ ಒಣಗತೊಡಗುತ್ತದೆ. ಮನೆಯವರು ರೆಪ್ಪೆಗಳನ್ನು ಮೆಲ್ಲನೆ ಮುಚ್ಚಿ, ಮೇಲೆ ಒದ್ದೆಯಾದ ಹತ್ತಿಯನ್ನಿಟ್ಟು, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಿ, ಫ್ಯಾನನ್ನು ನಿಲ್ಲಿಸಿ, ನೇತ್ರಭಂಡಾರಕ್ಕೆ ತಿಳಿಸಬೇಕು. ಆರು ಗಂಟೆಯೊಳಗೆ ಕಾರ್ಯ ಮುಗಿಯಬೇಕು. ಬಂದವರಿಗೆ ಅರ್ಧ ಗಂಟೆ ಸಾಕಾಗುತ್ತದೆ. ಲಿಂಗೈಕ್ಯರಾದವರನ್ನು ವಿಮಾನದಲ್ಲಿ ಕುಳ್ಳಿರಿಸಿ ಮುಖದರ್ಶನ ಮಾಡಿಸುವ ಸಂಪ್ರದಾಯವಿರುವ ಮನೆಗಳಲ್ಲಿ ಮುಖ ವಿಕಾರವಾದೀತೆಂಬ ಅಂಜಿಕೆ ಸಹಜ. ಹಾಗೇನೂ ಆಗುವುದಿಲ್ಲ, ರೆಪ್ಪೆಗಳು ಮುಚ್ಚಿಯೇ ಇರುತ್ತವೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.